ಎಂಟು ಸೆಕೆಂಡಿನ ಪರೀಕ್ಷೆ

ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು ಗೆದ್ದು, ಜಿಲ್ಲೆಯನ್ನೂ ಗೆದ್ದ ತಂಡ ಮುಂದೆ ಹೋಗುವುದು ವಿಭಾಗ ಮಟ್ಟಕ್ಕೆ. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಹಾಗಾಗಿ ಹೊಸದುರ್ಗದ್ದೋ ಹಿರಿಯೂರಿನದೋ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಅಲ್ಲಿಯವರೆಗೆ ಹೋದರೆ ಎದುರಿಗೆ ಸಿಗುವವರು ರಾಜಧಾನಿಯ ಶಾಲೆಗಳವರು. ಚಿಕ್ಕಂದಿನಿಂದ ಕ್ಲಬ್ಬಿನಲ್ಲಿ ಕೋಚ್ ಕೈಕೆಳಗೆ ಪಳಗಿದವರು, ಬೇಸಿಗೆ ರಜೆಯಲ್ಲೂ ಟೂರ್ನಿ ಆಡಿ ಬಂದವರು. ಅಂಥ ತಂಡ ಮೊದಲ ಬ್ಯಾಸ್ಕೆಟ್ ಹಾಕಿದ ಮೇಲೆ ಹಿಂದಕ್ಕೆ ಓಡುವುದಿಲ್ಲ. ಎದುರಾಳಿ ಚೆಂಡನ್ನು ಒಳಗೆ ಹಾಕುವ ಗೆರೆಯ ಹತ್ತಿರವೇ ಮೇಲೆ ಬೀಳುತ್ತದೆ. ಇದಕ್ಕೆ ಫುಲ್ ಕೋರ್ಟ್ ಪ್ರೆಸ್ ಎನ್ನುತ್ತಾರೆ. ನಿಯಮದ ಪ್ರಕಾರ ಚೆಂಡು ಕೈಗೆ ಸಿಕ್ಕ ಎಂಟು ಸೆಕೆಂಡಿನೊಳಗೆ ಅದನ್ನು ಅರ್ಧ ಅಂಕಣ ದಾಟಿಸಬೇಕು. ಅಂಕಣದ ಉದ್ದ 28 ಮೀಟರ್, ದಾಟಬೇಕಾದ್ದು 14. ಯಾರೂ ಅಡ್ಡ ಬರದಿದ್ದರೆ ಅದು ನಾಲ್ಕು ಹೆಜ್ಜೆಯ ಕೆಲಸವೆನ್ನಿಸುತ್ತದೆ. ಇಬ್ಬರು ಕೈ ಚಾಚಿಕೊಂಡು ಮೈಮೇಲೆ ಬಂದಾಗ ಮುಗಿಯದ ದಾರಿಯಾಗುತ್ತದೆ.

ಪಿಯುಸಿಗೆ ಆಟಗಾರರನ್ನು ಹುಡುಕಿಕೊಂಡು ಬರುವ ಕಾಲೇಜಿನವರು ನೋಡಬೇಕಾದ್ದು ಈ ಎಂಟು ಸೆಕೆಂಡುಗಳನ್ನು. ನಮ್ಮಲ್ಲಿ ನೋಡುವುದು ಸ್ಕೋರ್ ಶೀಟನ್ನು ಮತ್ತು ಎತ್ತರ ಅಳೆಯುವ ಪಟ್ಟಿಯನ್ನು. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಗಾರ್ಡ್ ಅಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡೋಣ. ಐದು ಜನರ ತಂಡದಲ್ಲಿ ರಿಂಗಿನ ಬುಡದಲ್ಲಿ ನಿಲ್ಲುವ ಎತ್ತರದವಳು ಸೆಂಟರ್, ಅವಳ ಅಕ್ಕಪಕ್ಕ ಇಬ್ಬರು ಫಾರ್ವರ್ಡ್‌ಗಳು, ಹಿಂದಿನಿಂದ ಚೆಂಡು ತರುವ ಇಬ್ಬರು ಗಾರ್ಡ್‌ಗಳು. ಅವರಲ್ಲಿ ಒಬ್ಬಳು ಆಟ ಕಟ್ಟುವ ಪಾಯಿಂಟ್ ಗಾರ್ಡ್, ಇನ್ನೊಬ್ಬಳು ದೂರದಿಂದ ಗುರಿಯಿಡುವ ಶೂಟಿಂಗ್ ಗಾರ್ಡ್. ಸಂತೆಯ ದಿನ ಹೊಸದುರ್ಗದ ಖಾಸಗಿ ಬಸ್ಸು ಹತ್ತಿ ಕಂಡಕ್ಟರನ್ನು ಗಮನಿಸಿದವರಿಗೆ ಪಾಯಿಂಟ್ ಗಾರ್ಡಿನ ಕೆಲಸ ಬಿಡಿಸಿ ಹೇಳಬೇಕಿಲ್ಲ. ಕೈ ಚಿಲ್ಲರೆ ಎಣಿಸುತ್ತಿರುತ್ತದೆ, ಕಣ್ಣು ಹಿಂದಿನ ಬಾಗಿಲಲ್ಲಿರುತ್ತದೆ, ಯಾರು ಎಲ್ಲಿ ಇಳಿಯಬೇಕೆಂಬುದು ತಲೆಯಲ್ಲಿರುತ್ತದೆ. ಕೈ ನೋಡಿಕೊಂಡು ಚಿಲ್ಲರೆ ಎಣಿಸುವವನು ಆ ರೂಟಿನಲ್ಲಿ ಉಳಿಯುವುದಿಲ್ಲ. ಚೆಂಡು ನೋಡಿಕೊಂಡು ಡ್ರಿಬಲ್ ಮಾಡುವವಳೂ, ಅಂದರೆ ಅದನ್ನು ನೆಲಕ್ಕೆ ಪುಟಿಸುತ್ತ ಓಡುವವಳೂ ಅಷ್ಟೇ.

ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಕಟ್ಟಿದಾಗ ಡ್ರಿಬ್ಲಿಂಗ್ ಎಂಬುದೇ ಇರಲಿಲ್ಲ. ಚೆಂಡು ಹಿಡಿದವರು ಓಡುವಂತಿರಲಿಲ್ಲ, ನಿಂತಲ್ಲಿಂದಲೇ ಪಾಸ್ ಕೊಡಬೇಕಿತ್ತು. ಆಟದ ಮೂಲ ಪಾಸ್, ಡ್ರಿಬ್ಲಿಂಗ್ ಆಮೇಲೆ ಬಂದದ್ದು. ಇದನ್ನು ನೆನಪಿಸುವುದಕ್ಕೆ ಕಾರಣವಿದೆ. ಚೆಂಡನ್ನು ಕಾಲುಗಳ ನಡುವೆ ಆಡಿಸಿ ಚಪ್ಪಾಳೆ ಗಿಟ್ಟಿಸುವ ಹುಡುಗಿ ಮೊದಲು ಕಣ್ಣಿಗೆ ಬೀಳುತ್ತಾಳೆ. ಎರಡೇ ಡ್ರಿಬಲ್ ಹಾಕಿ ಪಾಸ್ ಕೊಟ್ಟು ಮುಂದೆ ಓಡಿದ ಹುಡುಗಿ ಕಣ್ಣಿಗೆ ಬೀಳುವುದಿಲ್ಲ. ಅವಳೇ ಮೇಲಾದ ಆಟಗಾರ್ತಿ.

ಎತ್ತರದ ವಿಚಾರಕ್ಕೆ ಬರೋಣ. ಭಾರತೀಯ ಕ್ರೀಡಾ ಪ್ರಾಧಿಕಾರ ಮಕ್ಕಳ ಪ್ರತಿಭೆ ಗುರುತಿಸಲು ಬಹುಕಾಲದಿಂದ ಬಳಸಿದ ಪರೀಕ್ಷೆಗಳನ್ನು ನೋಡಿ: ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, ಚೆಂಡೆಸೆತ, ಹತ್ತು ಮೀಟರ್ ಅಂತರದಲ್ಲಿ ಆರು ಸಲ ತಿರುಗಿ ಓಡುವ ಷಟಲ್ ರನ್, 800 ಮೀಟರ್. ಕ್ರೀಡಾ ಹಾಸ್ಟೆಲ್ ಆಯ್ಕೆಗಳೂ ಹೆಚ್ಚುಕಡಿಮೆ ಇದೇ ದಾರಿಯವು. ಇವುಗಳಲ್ಲಿ ತಪ್ಪಿಲ್ಲ. ಹತ್ತು ವರ್ಷದ ಮಗುವಿನಲ್ಲಿ ಆಟವನ್ನೇ ಕಾಣಲಾಗದಾಗ ಮೈಯನ್ನಾದರೂ ಅಳೆಯಬೇಕು. ಆದರೆ ಅದೇ ಅಳತೆಗೋಲನ್ನು ಹದಿನಾರರ ಗಾರ್ಡಿಗೂ ಹಿಡಿದರೆ, ಇಡೀ ಪಟ್ಟಿಯಲ್ಲಿ ಅವಳ ಕೆಲಸಕ್ಕೆ ಹತ್ತಿರದ್ದು ಷಟಲ್ ರನ್ ಒಂದೇ. ಕಣ್ಣನ್ನು ಅಳೆಯುವ ಪರೀಕ್ಷೆ ಅದರಲ್ಲಿಲ್ಲ. "ಹುಡುಗಿ ಚೆನ್ನಾಗ್ ಆಡ್ತಾಳೆ ಸಾರ್, ಆದ್ರೆ ಹೈಟ್ ಇಲ್ಲ" ಎಂಬ ಮಾತನ್ನು ನಮ್ಮ ಪಿ.ಟಿ. ಮೇಷ್ಟ್ರುಗಳೇ ಮೊದಲು ಆಡುತ್ತಾರೆ, ಆಯ್ಕೆಗಾರರು ಕೇಳುವ ಮೊದಲೇ.

ದೇಶದ ಮಟ್ಟದಲ್ಲಿ ಹೆಸರು ಮಾಡಿದವರನ್ನು ನೆನೆದರೂ ಎತ್ತರದವರೇ ಮುಂದೆ ಬರುತ್ತಾರೆ. 2015ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಆಯ್ಕೆಯಾದ ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ ಏಳಡಿ ಮೀರಿದವರು. 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಟದ ವಿದ್ಯಾರ್ಥಿವೇತನದ ಮೇಲೆ ಹೋದ ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಎತ್ತರದ ಫಾರ್ವರ್ಡ್. ಗಾರ್ಡ್‌ಗಳ ಸಾಲಿನಲ್ಲಿ ಥಟ್ಟನೆ ಬರುವ ಹೆಸರು ವಾರಾಣಸಿಯ ವಿಶೇಷ್ ಭೃಗುವಂಶಿ. ಭಾರತ ತಂಡದ ನಾಯಕರಾಗಿದ್ದವರು, 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡವರು, 2020ರ ಅರ್ಜುನ ಪ್ರಶಸ್ತಿ ಪಡೆದವರು. ಅವರೂ ಆರಡಿ ದಾಟಿದವರೇ ಎನ್ನುವುದು ಬೇರೆ ಮಾತು.

ಹಾಗೆಂದು ಎತ್ತರ ಲೆಕ್ಕಕ್ಕಿಲ್ಲ ಎಂದು ಹೇಳಿದರೆ ಅದು ಸಮಾಧಾನದ ಸುಳ್ಳು. ರಿಂಗ್ ಎಲ್ಲರಿಗೂ 3.05 ಮೀಟರ್ ಮೇಲೆಯೇ ಇರುತ್ತದೆ. ಎನ್‌ಬಿಎಯಲ್ಲಿ 14 ಋತು ಆಡಿದ ಮಗ್ಸಿ ಬೋಗ್ಸ್ 160 ಸೆಂಟಿಮೀಟರಿನವರಾಗಿದ್ದರು ನಿಜ, ಅಂಥವರು ಅಪರೂಪವಾದ್ದರಿಂದಲೇ ಅವರ ಹೆಸರು ನಮಗೆ ಗೊತ್ತು. ಬಳಸಿಕೊಳ್ಳಬಹುದಾದ ಉದಾಹರಣೆ ಸ್ಟೀವ್ ನ್ಯಾಶ್ ಅವರದು. ಕೆನಡಾದ ವಿಕ್ಟೋರಿಯಾ ಊರಿನ ಶಾಲೆಯಲ್ಲಿ ಆಡುತ್ತಿದ್ದ ಅವರಿಗೆ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಸಾಂತಾ ಕ್ಲಾರಾ ಒಂದೇ. 2005 ಮತ್ತು 2006ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಅವರೇ. ಸ್ಟೀಫನ್ ಕರ‍್ರಿ ಕೂಡ ಸಣಕಲು ಹುಡುಗನೆಂದು ದೊಡ್ಡ ಕಾಲೇಜುಗಳು ಕೈಬಿಟ್ಟು, ಸಣ್ಣ ಡೇವಿಡ್ಸನ್ ಕಾಲೇಜು ಸೇರಿದವರು. 350ಕ್ಕೂ ಹೆಚ್ಚು ಕಾಲೇಜುಗಳು ಮೊದಲ ದರ್ಜೆಯಲ್ಲಿ ಆಡುವ, ಹೈಸ್ಕೂಲ್ ಮಕ್ಕಳಿಗೆ ನಕ್ಷತ್ರ ಕೊಟ್ಟು ರ‍್ಯಾಂಕ್ ಹಚ್ಚುವ ದೇಶದಲ್ಲೇ ಹೀಗಾದರೆ, ಒಂದು ಬೆಳಗಿನ ಟ್ರಯಲ್ಸ್‌ನಲ್ಲಿ ಎಲ್ಲ ಮುಗಿಸುವ ನಮ್ಮಲ್ಲಿ ಎಷ್ಟು ಮಂದಿ ಕೈತಪ್ಪಿರಬೇಕು?

ಸ್ಕೋರ್ ಶೀಟ್ ಯಾಕೆ ಮೋಸ ಮಾಡುತ್ತದೆ ಎಂಬುದು ನಮ್ಮ ಕಡೆಯ ತಾಲ್ಲೂಕುಗಳನ್ನು ಬಲ್ಲವರಿಗೆ ಗೊತ್ತು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ಶಾಲಾ ಮೈದಾನದಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್ ಆಳುತ್ತವೆ. ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದರೆ ಆ ಆಟಗಳು ನಡೆಯುತ್ತವೆ. ಬ್ಯಾಸ್ಕೆಟ್‌ಬಾಲಿಗೆ ಸಿಮೆಂಟ್ ಅಂಕಣ, ಬೋರ್ಡು, ರಿಂಗು ಬೇಕು. ಅದು ಇರುವ ಶಾಲೆಗಳು ಕಡಿಮೆ, ಹಾಗಾಗಿ ತಾಲ್ಲೂಕು ಮಟ್ಟದಲ್ಲಿ ತಂಡಗಳೂ ಕಡಿಮೆ. ಹಾಳೂರಿಗೆ ಉಳಿದವನೇ ಗೌಡ. ಡ್ರಿಬಲ್ ಬಾರದ ಎದುರಾಳಿಯ ಕೈಯಿಂದ ಚೆಂಡು ಕಸಿದು, ಖಾಲಿ ಅಂಕಣದಲ್ಲಿ ಒಬ್ಬಳೇ ಓಡಿ ರಿಂಗಿನ ಬುಡದಿಂದ ಹತ್ತು ಲೇ-ಅಪ್ ಹಾಕಿದರೆ 20 ಪಾಯಿಂಟ್ ಆಯಿತು. ಆ 20ರಲ್ಲಿ ವಿಭಾಗ ಮಟ್ಟಕ್ಕೆ ಜೊತೆಗೆ ಬರುವುದು ಓಟದ ವೇಗ ಮಾತ್ರ. ಕಸಿಯುವುದಕ್ಕೆ ಅಲ್ಲಿ ಯಾರೂ ಚೆಂಡು ಬಿಟ್ಟುಕೊಡುವುದಿಲ್ಲ.

ಇನ್ನು ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಿಂದಾಚೆಗೆ ಈ ಸೀಮೆಯ ಬಯಲಲ್ಲಿ ಬೀಸುವ ಗಾಳಿ ದೂರದಿಂದ ಎಸೆದ ಚೆಂಡನ್ನು ತನಗೆ ಬೇಕಾದತ್ತ ಒಯ್ಯುತ್ತದೆ. ಶಾಲಾ ಕ್ರೀಡಾಕೂಟಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. 6.75 ಮೀಟರಿನ ಮೂರು ಪಾಯಿಂಟ್ ಗೆರೆಯಾಚೆಯಿಂದ ಹೊಡೆದದ್ದು ತಪ್ಪಿತೆಂದು ಹುಡುಗಿಯನ್ನು ಪಟ್ಟಿಯಿಂದ ತೆಗೆಯುವ ಮೊದಲು ಅಂಚಿನ ಮರಗಳ ಕಡೆ ಒಮ್ಮೆ ನೋಡುವುದೊಳ್ಳೆಯದು. ಬಯಲು ಅಂಕಣದಲ್ಲಿ ಚೆಂಡು ಒಳಗೆ ಬಿತ್ತೋ ಇಲ್ಲವೋ ಎಂಬುದಕ್ಕಿಂತ ಎಸೆತದ ರೀತಿ ಮುಖ್ಯ: ಮೊಣಕೈ ರಿಂಗಿಗೆ ನೇರವಾಗಿದೆಯೇ, ಪ್ರತಿ ಸಲ ಒಂದೇ ಜಾಗದಿಂದ ಚೆಂಡು ಬಿಡುತ್ತಾಳೆಯೇ, ಸುಸ್ತಾದ ಮೇಲೂ ಕಾಲಿನಿಂದ ಬಲ ತೆಗೆಯುತ್ತಾಳೆಯೇ ಅಥವಾ ಭುಜದಿಂದ ದೂಡುತ್ತಾಳೆಯೇ.

ಫ್ರೀ ಥ್ರೋ ಎಣಿಸುವುದು ಒಳ್ಳೆಯ ಉಪಾಯ. ಬೋರ್ಡಿನಿಂದ 4.6 ಮೀಟರ್ ದೂರ, ಎದುರಿಗೆ ಯಾರೂ ಇಲ್ಲ, ಎಲ್ಲರಿಗೂ ಒಂದೇ ಪರೀಕ್ಷೆ. ಅಮೆರಿಕದ ಲೆಕ್ಕಾಚಾರದವರು ಕಾಲೇಜು ಆಟಗಾರರ ಮುಂದಿನ ಶೂಟಿಂಗ್ ಅಂದಾಜು ಮಾಡಲು ಮೂರು ಪಾಯಿಂಟ್ ಎಸೆತಗಳ ಜೊತೆ ಇದನ್ನೂ ನೆಚ್ಚುತ್ತಾರೆ. ಆದರೆ ಟ್ರಯಲ್ಸ್‌ನಲ್ಲಿ ಹತ್ತು ಎಸೆತ ಕೊಟ್ಟು ನಿರ್ಧರಿಸುವುದು ಚೀಟಿ ಎತ್ತಿದಷ್ಟೇ ನ್ಯಾಯ. ನೂರಕ್ಕೆ 70 ಹಾಕಬಲ್ಲ ಹುಡುಗಿ ಯಾವುದೋ ಹತ್ತರಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಹಾಕುವ ಸಾಧ್ಯತೆ ಶೇ 15ರಷ್ಟಿದೆ. ಬರಿಯ ಗಣಿತ ಇದು. ಗಾಳಿಯಿಲ್ಲದ ಬೆಳಗಿನ ಹೊತ್ತು, ಬೇರೆಬೇರೆ ದಿನ, ಒಟ್ಟು ನೂರು ಎಸೆತ ಎಣಿಸಿದರೆ ಆ ಸಂಖ್ಯೆಗೆ ಬೆಲೆ ಬರುತ್ತದೆ. ಎಣಿಸಲು ಕೋಚೇ ಬೇಕಿಲ್ಲ, ನೋಟ್‌ಬುಕ್ ಹಿಡಿದ ಸಹಪಾಠಿ ಸಾಕು.

ಈಗ ಆ ಎಂಟು ಸೆಕೆಂಡಿಗೆ ಮರಳಿ ಬರುತ್ತೇನೆ, ಯಾಕೆಂದರೆ ಹೇಳುವುದು ಹೆಚ್ಚಿರುವುದು ಅಲ್ಲೇ. ಪ್ರೆಸ್ ಬಂದಾಗ ಮೊದಲು ಗಮನಿಸಬೇಕಾದ್ದು ಹುಡುಗಿಯ ಎಡಗೈ (ಎಡಚಿಯಾದರೆ ಬಲಗೈ). ಕಲಿತ ಎದುರಾಳಿ ಅವಳನ್ನು ಬಾರದ ಕೈಯ ಕಡೆಗೇ ಅಟ್ಟುತ್ತಾಳೆ. ಅಲ್ಲಿ ಚೆಂಡು ಎದೆಯೆತ್ತರಕ್ಕೆ ಪುಟಿಯತೊಡಗಿದರೆ ಕಥೆ ಮುಗಿಯಿತು. ಎರಡನೆಯದು, ಎರಡನೇ ಆಟಗಾರ್ತಿ ಮೇಲೆ ಬರುವ ಮುನ್ನವೇ ಇವಳು ಅದನ್ನು ಕಂಡಳೇ ಎಂಬುದು. ಕಂಡವಳು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಳ್ಳುತ್ತಾಳೆ. ಕಾಣದವಳು ಗೆರೆಯ ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತಾಳೆ. ಇಬ್ಬರು ತನ್ನ ಮೇಲೆ ಬಂದಿದ್ದಾರೆ ಎಂದರೆ ತನ್ನ ಕಡೆಯ ಒಬ್ಬಳು ಎಲ್ಲೋ ಖಾಲಿ ನಿಂತಿದ್ದಾಳೆ ಎಂದರ್ಥ. ಈ ಸಣ್ಣ ಲೆಕ್ಕ ಓಡುತ್ತಿರುವಾಗ ತಲೆಯಲ್ಲಿ ಹೊಳೆಯುವುದೇ ಗಾರ್ಡಿನ ಬುದ್ಧಿ. ಅದನ್ನು ಕಲಿಸಬಹುದು, ಆದರೆ ಹದಿನಾರರಲ್ಲಿ ಸ್ವಲ್ಪವೂ ಇಲ್ಲದಿದ್ದರೆ ಕಾಲೇಜಿನ ಎರಡು ವರ್ಷ ಸಾಲುವುದಿಲ್ಲ.

ಇನ್ನೂ ಒಂದು ಸಂಗತಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ: ಚೆಂಡು ಕಳೆದುಕೊಂಡ ಮರುಕ್ಷಣ ಏನು ಮಾಡಿದಳು? ಕೈ ಚೆಲ್ಲಿ ಅಂಪೈರ್ ಕಡೆ ನೋಡಿದಳೇ, ಪಾಸ್ ಹಿಡಿಯದ ಗೆಳತಿಯನ್ನು ಗದರಿದಳೇ, ಅಥವಾ ತಿರುಗಿ ಓಡಿ ಎದುರಾಳಿಯ ಲೇ-ಅಪ್ಪಿಗೆ ಅಡ್ಡ ನಿಂತಳೇ? ಅದಾದ ಮೇಲೆ ಮುಂದಿನ ಸಲ ಚೆಂಡು ಕೇಳಿಕೊಂಡು ಬಂದಳೇ? ವಿಭಾಗ ಮಟ್ಟದಲ್ಲಿ ನಮ್ಮ ಜಿಲ್ಲೆಯ ತಂಡ 30 ಪಾಯಿಂಟಿನಿಂದ ಸೋಲುತ್ತಿರುವಾಗಲೂ ನಾಲ್ಕನೇ ಕ್ವಾರ್ಟರಿನಲ್ಲಿ ಚೆಂಡು ಕೇಳುವ ಗಾರ್ಡ್ ಇದ್ದರೆ, ಅವಳು ಆ ಪಂದ್ಯದಲ್ಲಿ ನಾಲ್ಕೇ ಪಾಯಿಂಟ್ ಹಾಕಿದ್ದರೂ ನಾನಾದರೆ ಅವಳ ಹೆಸರನ್ನೇ ಬರೆದುಕೊಳ್ಳುತ್ತೇನೆ.

ಅಸಿಸ್ಟ್ ಲೆಕ್ಕವನ್ನೂ ಎಚ್ಚರದಿಂದ ನೋಡಬೇಕು. ಪಾಸ್ ಪಡೆದವಳು ಬ್ಯಾಸ್ಕೆಟ್ ಹಾಕಿದರಷ್ಟೇ ಕೊಟ್ಟವಳ ಖಾತೆಗೆ ಅಸಿಸ್ಟ್. ಗೆಳತಿಯರಿಗೆ ಲೇ-ಅಪ್ ಬಾರದಿದ್ದರೆ ಎಂಥ ಗಾರ್ಡಿನ ಖಾತೆಯೂ ಸೊನ್ನೆ. ಪಾಸ್ ಸಿಕ್ಕವಳು ಆ ಹೊತ್ತಿಗೆ ಖಾಲಿ ಇದ್ದಳೇ ಎಂಬುದನ್ನಷ್ಟೇ ಬರೆದಿಟ್ಟುಕೊಂಡರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ರಕ್ಷಣೆಯ ಆಟಕ್ಕೆ ಬೇಕಾದ ಕಾಲುಗಳನ್ನು ಹುಡುಕಲು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೇ ಹೋಗಬೇಕೆಂದಿಲ್ಲ. ಪಕ್ಕದ ಕೊಕ್ಕೊ ಅಂಕಣಕ್ಕೆ ಹೋದರೂ ಆದೀತು. ಕುಳಿತ ಎಂಟು ಜನರ ನಡುವೆ ಹಾವಿನಂತೆ ಹೊರಳಿ ಓಡುವ, ಹಿಂದಿರುವವಳ ಕೈಯನ್ನು ನೋಡದೆಯೇ ಅಂದಾಜು ಮಾಡುವ, ಕಂಬದ ಬಳಿ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸುವ ಹುಡುಗಿಯರು ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಇದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು, ಅದೂ ಹಳ್ಳಿ ಮೈದಾನದಿಂದಲೇ ಬಂದ ಆಟ. ಅಂಥ ಕಾಲು ಸಿದ್ಧವಿರುವ ಎಂಟನೇ ತರಗತಿಯ ಹುಡುಗಿಗೆ ಚೆಂಡಿನ ಕೈ ಕೂಡಿಸುವುದು, ಕೈ ಇದ್ದು ಕಾಲಿಲ್ಲದವಳಿಗೆ ಕಾಲು ಕೂಡಿಸುವುದಕ್ಕಿಂತ ಸುಲಭ. ಕೊಕ್ಕೊ ಮೇಷ್ಟ್ರುಗಳು ಇದನ್ನೋದಿ ಸಿಟ್ಟಾಗಬಾರದು. ಅವರಿಂದ ಕಿತ್ತುಕೊಳ್ಳಿ ಎನ್ನುತ್ತಿಲ್ಲ, ಆಟದ ಋತು ಮುಗಿದ ಮೇಲೆ ಎರಡು ತಿಂಗಳು ಸಾಲ ಕೊಡಲಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಈ ವಯಸ್ಸಿನಲ್ಲಿ ಕೈಕೊಡುತ್ತದೆ. ಮೈ ಬೆಳವಣಿಗೆಯ ಜೋರು ಹುಡುಗಿಯರಲ್ಲಿ ಸುಮಾರು ಹನ್ನೆರಡಕ್ಕೆ, ಹುಡುಗರಲ್ಲಿ ಸುಮಾರು ಹದಿನಾಲ್ಕಕ್ಕೆ. ಕೆಲವರಿಗೆ ಒಂದೆರಡು ವರ್ಷ ಮುಂಚೆ, ಕೆಲವರಿಗೆ ತಡ. ಒಂಬತ್ತನೇ ತರಗತಿಯಲ್ಲಿ ಮೀಸೆ ಬಂದ ಹುಡುಗ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಬ್ಯಾಸ್ಕೆಟ್ ಹಾಕುತ್ತಾನೆ. ದ್ವಿತೀಯ ಪಿಯುಸಿಗೆ ಬರುವಷ್ಟರಲ್ಲಿ ಉಳಿದವರು ಅವನ ಸಮ ಬೆಳೆದಿರುತ್ತಾರೆ, ತಳ್ಳುವುದೊಂದೇ ಕಲಿತವನ ಬಳಿ ಬೇರೆ ಬಂಡವಾಳ ಇರುವುದಿಲ್ಲ. ತಡವಾಗಿ ಬೆಳೆದವನಾದರೋ ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ಅಂದಾಜಿಗೆ ಒಂದು ಸರಳ ಲೆಕ್ಕವಿದೆ: ಅಪ್ಪ ಅಮ್ಮನ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೂಡಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ಎಂಟು ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು, ಆದರೂ ಕಣ್ಣಂದಾಜಿಗಿಂತ ವಾಸಿ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರಲ್ಲಿ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ, ಹುಡುಗರಲ್ಲಿ ಇನ್ನಷ್ಟು ಬಾಕಿ ಇರುತ್ತದೆ. ವಯಸ್ಸಿನ ದಾಖಲೆಯ ಮಾತೆತ್ತಿದರೆ ನಗು ಬರುತ್ತದೆ. ಹಿಂದಿನ ತಲೆಮಾರಿನಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿತ್ತು, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದ ಕೃಪೆಯಿಂದ. ಈಗ ಜನನ ಪ್ರಮಾಣಪತ್ರ ಇದೆ, ಹಾಗಾಗಿ ಹುಟ್ಟಿದ ತಿಂಗಳನ್ನೂ ನೋಡಬಹುದು. ಒಂದೇ ವಯೋಮಿತಿಯೊಳಗೆ ಹತ್ತು ತಿಂಗಳು ಚಿಕ್ಕವಳಾಗಿದ್ದೂ ಸರಿಸಮ ಆಡುವವಳಿಗೆ ಒಂದು ಅಂಕ ಹೆಚ್ಚು.

ದಮ್ಮಿನ ಪರೀಕ್ಷೆಯಲ್ಲಿ ಬಿದ್ದವಳನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಕಬ್ಬಿಣಾಂಶದ ಮಾತ್ರೆಯಿಂದ ಸರಿಹೋಗುವ ದೌರ್ಬಲ್ಯಕ್ಕೆ ಆಟಗಾರ್ತಿಯನ್ನೇ ಕಳೆದುಕೊಳ್ಳುವುದು ದಡ್ಡತನ. ಷೂ ಮಾತೂ ಹಾಗೆಯೇ. ಸವೆದ ಕ್ಯಾನ್ವಾಸ್ ಹಾಕಿ ಸಿಮೆಂಟಿನ ಮೇಲೆ ತಿರುಗುವವಳು ಜಾರುವ ಭಯಕ್ಕೇ ಅರ್ಧ ಸೆಕೆಂಡ್ ನಿಧಾನಿಸುತ್ತಾಳೆ.

ಅಭ್ಯಾಸದ ಹೊತ್ತು ಇನ್ನೊಂದು ತೊಡಕು. ಶಾಲೆ ಬಿಟ್ಟ ಮೇಲೆ ಅಂಕಣದಲ್ಲಿ ಉಳಿಯುವವರು ಊರೊಳಗೆ ಮನೆಯಿದ್ದವರು, ಇಲ್ಲವೇ ಹಾಸ್ಟೆಲ್ ಮಕ್ಕಳು. ಹೊಳಲ್ಕೆರೆಯ ಅಡಿಕೆ ತೋಟಗಳ ನಡುವಿನ ಹಳ್ಳಿಗೋ, ವಾಣಿವಿಲಾಸ ಸಾಗರದ ಆಚೆಯ ಊರಿಗೋ ಹೋಗಬೇಕಾದ ಹುಡುಗಿ ಬಸ್ಸಿನ ಸಮಯಕ್ಕೆ ಚೀಲ ಎತ್ತಿಕೊಳ್ಳಲೇಬೇಕು. ಇಂಥವರಿಗೆ 3x3 ಬ್ಯಾಸ್ಕೆಟ್‌ಬಾಲ್ ಒಂದು ವರ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದು ಪದಕದ ಆಟ. ಅರ್ಧ ಅಂಕಣ, ಒಂದೇ ರಿಂಗು, ಕಡೆಗೆ ಮೂವರು, ಹತ್ತು ನಿಮಿಷ, ಮೊದಲು 21 ಮುಟ್ಟಿದವರು ಗೆದ್ದಂತೆ. ಮಧ್ಯಾಹ್ನದ ಊಟದ ಬಿಡುವಿನಲ್ಲೇ ಮುಗಿಯುತ್ತದೆ. ಮೂವರಲ್ಲಿ ಯಾರೂ ಅಡಗಿ ನಿಲ್ಲುವಂತಿಲ್ಲ, ಚೆಂಡು ಎಲ್ಲರ ಕೈಗೂ ಬರುತ್ತದೆ. ಗಾರ್ಡನ್ನು ಗುರುತಿಸಲು ಐದು ಜನರ ಒಂದು ಪಂದ್ಯಕ್ಕಿಂತ 3x3ರ ನಾಲ್ಕು ಪಂದ್ಯಗಳು ಮೇಲು. ಚಿತ್ರದುರ್ಗದ ವೀರವನಿತೆ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ಕೂಡಿಸಿ ಒಂದು ಭಾನುವಾರ ಹೀಗೆ ಆಡಿಸಿದರೆ, ನೋಡಲು ಬಂದ ಕಾಲೇಜಿನವರಿಗೂ ಒಂದೇ ಪ್ರಯಾಣ.

ಆಯ್ಕೆಯಾದವರು ಹೋಗುವ ದಾರಿಗಳು ಕೆಲವೇ. ಪ್ರೌಢಶಾಲೆಯಲ್ಲೇ ಕ್ರೀಡಾ ಇಲಾಖೆಯ ಹಾಸ್ಟೆಲ್ ಸೇರಿದವರಿಗೆ ಬೆಂಗಳೂರಿನ ವಿದ್ಯಾನಗರ. ಪಿಯುಸಿ, ಪದವಿಗೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಮೂಡುಬಿದಿರೆಯ ಆಳ್ವಾಸ್, 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ನಡೆಸಿಕೊಟ್ಟ ಜೈನ್ ವಿಶ್ವವಿದ್ಯಾಲಯದಂಥವು. ಜಿಲ್ಲೆಯಲ್ಲೇ ಉಳಿದು ಪದವಿ ಓದಿದವರಿಗೆ ದಾವಣಗೆರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಆಮೇಲಿನ ನೌಕರಿ ರೈಲ್ವೆ, ಪೊಲೀಸ್, ಬ್ಯಾಂಕುಗಳ ತಂಡಗಳಲ್ಲಿ. ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲಿಗೆ ಹೆಸರಾಗಿದ್ದ ವಿಜಯ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆಟದಿಂದ ಹೊಟ್ಟೆ ತುಂಬುವ ಬಾಗಿಲುಗಳು ಹೆಚ್ಚೇನಿಲ್ಲ, ಹಾಗಾಗಿ ಗಾರ್ಡಿನ ಅಂಕಪಟ್ಟಿಯನ್ನೂ ಆಯ್ಕೆಯ ಭಾಗವಾಗಿ ನೋಡುವ ಕಾಲೇಜು ಒಳ್ಳೆಯ ಕಾಲೇಜು.

ಕೊನೆಗೆ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಕಾಲೇಜು ನಿಮ್ಮ ಮಗಳನ್ನು ಅಳೆಯುವಾಗ ನೀವೂ ಕಾಲೇಜನ್ನು ಅಳೆಯಿರಿ. ಈಗ ಆ ತಂಡದಲ್ಲಿ ಪಾಯಿಂಟ್ ಗಾರ್ಡ್ ಯಾರು, ಯಾವ ವರ್ಷದಲ್ಲಿ ಓದುತ್ತಿದ್ದಾಳೆ ಎಂದು ಕೇಳಿ. ಅವಳೂ ಪ್ರಥಮ ಪಿಯುಸಿಯಾದರೆ ನಿಮ್ಮ ಹುಡುಗಿ ಎರಡು ವರ್ಷ ಬೆಂಚಿನ ಮೇಲೆ ಕೂರಬೇಕಾದೀತು, ಅಂಥಲ್ಲಿಗಿಂತ ಆಡಿಸುವ ಸಣ್ಣ ಕಾಲೇಜು ಮೇಲು. ಇನ್ನೊಂದು, ಈ ಆಟದಲ್ಲಿ ಮೊಣಕಾಲಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಬಹಳ ಹೆಚ್ಚು, ಚೇತರಿಕೆಗೆ ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಮಗಳು ಗಾಯಗೊಂಡು ಒಂದು ವರ್ಷ ಆಡದಿದ್ದರೆ ಫೀಸು, ಹಾಸ್ಟೆಲ್, ಶಸ್ತ್ರಚಿಕಿತ್ಸೆಯ ಖರ್ಚು ಯಾರದು ಎಂಬುದಕ್ಕೆ ಉತ್ತರವನ್ನು ಸೇರಿಸುವ ಮೊದಲೇ ಬರೆಸಿಕೊಳ್ಳಿ.